ಕೊಂದವರೇ ಬರೆದಿಟ್ಟ ಸಾಕ್ಷ್ಯ

ಕಾಂಬೋಡಿಯಾದ ರಾಜಧಾನಿ ಫ್ನಾಮ್ ಪೆನ್ ನಗರದಲ್ಲಿ, ಮನೆ ಅಂಗಡಿಗಳ ಸಾಲಿನ ನಡುವೆ, ಮೂರು ಅಂತಸ್ತಿನ ನಾಲ್ಕು ಕಟ್ಟಡಗಳಿವೆ. ಉದ್ದನೆಯ ಮೊಗಸಾಲೆ, ಅದಕ್ಕೆ ತೆರೆದುಕೊಳ್ಳುವ ಸಾಲು ಕೊಠಡಿಗಳು, ಮುಂದೆ ಹುಲ್ಲಿನ ಅಂಗಳ, ಅಲ್ಲಲ್ಲಿ ದೇವಕಣಗಿಲೆಯ ಮರಗಳು. ನೋಡಿದ ಕೂಡಲೇ ಯಾರಾದರೂ ಇದನ್ನು ಶಾಲೆಯೆಂದು ಗುರುತಿಸಬಹುದು. 1960ರ ದಶಕದಲ್ಲಿ ಇದನ್ನು ಕಟ್ಟಿದ್ದೂ ಪ್ರೌಢಶಾಲೆಗೆಂದೇ. ಅಂಗಳದಲ್ಲಿ ಇಂದಿಗೂ ನಿಂತಿರುವ ಎತ್ತರದ ಮರದ ಚೌಕಟ್ಟು ಹುಡುಗರು ಹಗ್ಗ ಹಿಡಿದು ಹತ್ತುವ ವ್ಯಾಯಾಮಕ್ಕಾಗಿ ನೆಟ್ಟದ್ದು. ಮುಂದೆ ಅದೇ ಚೌಕಟ್ಟಿಗೆ ಕೈದಿಗಳನ್ನು ತಲೆಕೆಳಗಾಗಿ ನೇತುಹಾಕಿ ಚಿತ್ರಹಿಂಸೆ ಕೊಟ್ಟರು.

ಇದು ತೂಲ್ ಸ್ಲೆಂಗ್ ನರಮೇಧ ಸಂಗ್ರಹಾಲಯ. ಖ್ಮೇರ್ ಭಾಷೆಯಲ್ಲಿ 'ತೂಲ್' ಎಂದರೆ ದಿಬ್ಬ. 'ಸ್ಲೆಂಗ್' ನಮ್ಮ ಕಾಡುಗಳಲ್ಲೂ ಬೆಳೆಯುವ, ಬೀಜದಲ್ಲಿ ಕಡುವಿಷವಿರುವ ಕಾಸರಕ. ಕಾಸರಕದ ದಿಬ್ಬ ಎಂಬುದು ಆ ಬಡಾವಣೆಯ ಹಳೆಯ ಹೆಸರೇ ಹೊರತು ಸೆರೆಮನೆಯನ್ನು ಕಂಡು ಯಾರೋ ಇಟ್ಟದ್ದಲ್ಲ. ಸೆರೆಮನೆಗೆ ಇದ್ದದ್ದು ಒಂದು ಗುಪ್ತ ಸಂಕೇತ ಮಾತ್ರ: ಎಸ್-21.

ಜಗತ್ತಿನಲ್ಲಿ ಇಂಥ ಸ್ಮಾರಕಗಳು ಹಲವು ಇವೆ. ತೂಲ್ ಸ್ಲೆಂಗಿನ ವಿಶೇಷವೆಂದರೆ, ಇಲ್ಲಿ ಕಾಣುವ ಸಾಕ್ಷ್ಯದ ಬಹುಪಾಲನ್ನು ಸಿದ್ಧಪಡಿಸಿದವರು ಕೊಲೆಗಾರರೇ. ಭಾವಚಿತ್ರ, ಹೆಸರಿನ ಪಟ್ಟಿ, ತಪ್ಪೊಪ್ಪಿಗೆ, ದಿನಾಂಕ ಎಲ್ಲವನ್ನೂ ಅವರೇ ದಾಖಲಿಸಿ ಕಡತದಲ್ಲಿಟ್ಟರು. ಹಾಗಾಗಿ ಇಲ್ಲಿಗೆ ಹೋದವರು ಏನು ಕಂಡರು ಎಂಬುದರ ಜೊತೆಗೆ, ಯಾರ ಕಣ್ಣಿನಿಂದ ಕಂಡರು ಎಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಬರಿದಾದ ನಗರ

1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಸೈನಿಕರು ಫ್ನಾಮ್ ಪೆನ್ ಪ್ರವೇಶಿಸಿದರು. ಐದು ವರ್ಷಗಳ ಅಂತರ್ಯುದ್ಧ, ಅಮೆರಿಕದ ಬಾಂಬ್ ದಾಳಿ ಮತ್ತು ಹಸಿವಿನಿಂದ ಬಸವಳಿದಿದ್ದ ಜನ ಯುದ್ಧ ಮುಗಿಯಿತೆಂದು ಬೀದಿಗೆ ಬಂದು ಸಂತೋಷಪಟ್ಟರು. ಆ ಸಂತೋಷ ಕೆಲವೇ ಗಂಟೆಗಳದ್ದಾಗಿತ್ತು. ಸುಮಾರು ಇಪ್ಪತ್ತು ಲಕ್ಷ ಜನರಿದ್ದ ನಗರವನ್ನು ಖಾಲಿ ಮಾಡುವಂತೆ ಆಜ್ಞೆಯಾಯಿತು. ಆಸ್ಪತ್ರೆಯ ರೋಗಿಗಳನ್ನೂ ಬಿಡದೆ ಎಲ್ಲರನ್ನೂ ಹಳ್ಳಿಗಳ ಕಡೆಗೆ ನಡೆಸಲಾಯಿತು.

ಪೋಲ್ ಪಾಟ್ ಮತ್ತು ಅವನ ಸಂಗಡಿಗರು ಕಟ್ಟಲು ಹೊರಟದ್ದು ನಗರ, ಪೇಟೆ, ನಾಣ್ಯ, ಖಾಸಗಿ ಆಸ್ತಿ ಯಾವುದೂ ಇಲ್ಲದ ಕೃಷಿ ಸಮಾಜವನ್ನು. ಹಣ ರದ್ದಾಯಿತು. ಬೌದ್ಧ ವಿಹಾರಗಳನ್ನು ಮುಚ್ಚಿ ಭಿಕ್ಷುಗಳ ಕಾವಿ ಬಿಡಿಸಿದರು. ಶಾಲೆಗಳೂ ಮುಚ್ಚಿದವು. ಇಡೀ ಜನತೆಯನ್ನು ಗದ್ದೆ ಕೆಲಸಕ್ಕೆ, ಕಾಲುವೆ ಅಗೆಯುವುದಕ್ಕೆ ಹಚ್ಚಿದರು. ಆಡಳಿತ ನಡೆಸುವವರು ಯಾರೆಂಬುದೇ ಜನರಿಗೆ ಗೊತ್ತಿರಲಿಲ್ಲ. 'ಅಂಗ್ಕಾರ್', ಅಂದರೆ 'ಸಂಘಟನೆ', ಹೇಳಿತು ಎಂದರೆ ಮುಗಿಯಿತು. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಫ್ನಾಮ್ ಪೆನ್ ವಶಪಡಿಸಿಕೊಳ್ಳುವವರೆಗೆ, ಮೂರು ವರ್ಷ ಎಂಟು ತಿಂಗಳು ಇಪ್ಪತ್ತು ದಿನಗಳ ಕಾಲ, ಈ ಆಡಳಿತ ನಡೆಯಿತು. ಹಸಿವು, ರೋಗ, ದುಡಿಮೆ ಮತ್ತು ಕೊಲೆಯಿಂದ ಸತ್ತವರು 15ರಿಂದ 20 ಲಕ್ಷ ಎಂಬುದು ಇತಿಹಾಸಕಾರರ ಅಂದಾಜು. ಆಗ ದೇಶದ ಜನಸಂಖ್ಯೆ ಎಂಬತ್ತು ಲಕ್ಷದ ಆಸುಪಾಸು. ಅಂದರೆ ನಾಲ್ಕೈದು ಜನರಲ್ಲಿ ಒಬ್ಬರು ಉಳಿಯಲಿಲ್ಲ.

ದೇಶದ ಉದ್ದಗಲಕ್ಕೂ ಸುಮಾರು ಇನ್ನೂರು ಸೆರೆಮನೆಗಳಿದ್ದವು. ಅವುಗಳ ಶಿಖರದಲ್ಲಿದ್ದದ್ದು ಎಸ್-21. 1975ರಲ್ಲಿ ಆರಂಭವಾದ ಈ ಘಟಕ ಮರುವರ್ಷ ಮುಚ್ಚಿದ್ದ ಪ್ರೌಢಶಾಲೆಯ ಕಟ್ಟಡಕ್ಕೆ ಬಂತು.

ಮೇಷ್ಟ್ರುಗಳು ನಡೆಸಿದ ಸೆರೆಮನೆ

ಶಾಲೆಯನ್ನು ಸೆರೆಮನೆ ಮಾಡಿದವರಲ್ಲಿ ಹಲವರು ಒಂದು ಕಾಲದಲ್ಲಿ ಅಧ್ಯಾಪಕರಾಗಿದ್ದರು. ಪೋಲ್ ಪಾಟ್ ಫ್ನಾಮ್ ಪೆನ್ನಿನ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳಿದ್ದವನು. ಎಸ್-21ರ ಮೇಲ್ವಿಚಾರಣೆ ಹೊತ್ತಿದ್ದ ರಕ್ಷಣಾ ಸಚಿವ ಸೊನ್ ಸೆನ್ ಅಧ್ಯಾಪಕ. ಸೆರೆಮನೆಯ ಮುಖ್ಯಸ್ಥ ಕಾಂಗ್ ಗೆಕ್ ಇಯಾವ್ ಗಣಿತದ ಮೇಷ್ಟ್ರು. ಚಳವಳಿಗೆ ಸೇರಿದ ಮೇಲೆ ಅವನು ಇಟ್ಟುಕೊಂಡ ಹೆಸರು ಡುಚ್. 1971ರಿಂದಲೇ ಕಾಡಿನೊಳಗೆ ಎಂ-13 ಎಂಬ ಸೆರೆಮನೆ ನಡೆಸಿ ಆ ಕೆಲಸದಲ್ಲಿ ಪಳಗಿದ್ದ.

ಶಾಲೆಯಲ್ಲಿ ಕಲಿತ ಶಿಸ್ತು ಇಲ್ಲಿ ಬೇರೆಯೇ ಉಪಯೋಗಕ್ಕೆ ಬಂತು. ಕೈದಿ ಬಂದ ಕೂಡಲೇ ಹೆಸರು ದಾಖಲು. ಎದೆಗೆ ಸಂಖ್ಯೆಯ ಚೀಟಿ ಸಿಕ್ಕಿಸಿ ಭಾವಚಿತ್ರ. ಅನಂತರ ಹುಟ್ಟಿದಲ್ಲಿಂದ ಹಿಡಿದು ಜೀವನ ವೃತ್ತಾಂತ. ಡುಚ್ ತಪ್ಪೊಪ್ಪಿಗೆಗಳನ್ನು ಉತ್ತರ ಪತ್ರಿಕೆ ತಿದ್ದುವ ಮೇಷ್ಟ್ರಂತೆ ಓದುತ್ತಿದ್ದ. ಸಾಲದ ಕಡೆ ಗೆರೆ ಎಳೆದು, ಅಂಚಿನಲ್ಲಿ ಟಿಪ್ಪಣಿ ಬರೆದು, ಮತ್ತೆ ಬರೆಸಲು ಹಿಂದಕ್ಕೆ ಕಳಿಸುತ್ತಿದ್ದ. ವಿಚಾರಣೆ ನಡೆಸುವವರಿಗೆ ತರಗತಿಗಳೂ ನಡೆಯುತ್ತಿದ್ದವು. ಅವರು ಬರೆದುಕೊಂಡ ಟಿಪ್ಪಣಿ ಪುಸ್ತಕಗಳು ಉಳಿದಿವೆ.

ಕಾವಲುಗಾರರಲ್ಲಿ ಹೆಚ್ಚಿನವರು ಹದಿಹರೆಯ ದಾಟಿಯೂ ದಾಟದ, ಬಡ ರೈತ ಕುಟುಂಬಗಳ ಹುಡುಗರು. ಓದು ಬರಹ ಅಷ್ಟಕ್ಕಷ್ಟೆ. ತಪ್ಪು ಮಾಡಿದರೆ, ಕೆಲವೊಮ್ಮೆ ಮಾಡದಿದ್ದರೂ, ಅವರೇ ಕೈದಿಗಳಾಗುತ್ತಿದ್ದರು. ಹಾಗೆ ಬೀಗದ ಆಚೆಯಿಂದ ಈಚೆಗೆ ಬಂದು ಸತ್ತ ಸಿಬ್ಬಂದಿ ನೂರಾರು. ಸಂಗ್ರಹಾಲಯದ ಗೋಡೆಯ ಮೇಲಿನ ಮುಖಗಳಲ್ಲಿ ಅವರ ಮುಖಗಳೂ ಬೆರೆತಿವೆ.

ಅಪರಾಧವೇ ಇಲ್ಲದ ತಪ್ಪೊಪ್ಪಿಗೆ

ಇಲ್ಲಿಗೆ ಬಂದವರು ಯಾರು? ಹಿಂದಿನ ಸರ್ಕಾರದ ನೌಕರರು, ವಿದ್ಯಾವಂತರು, ವಿಯೆಟ್ನಾಮಿನ ಸೆರೆಯಾಳುಗಳು ಇದ್ದರು. ಆದರೆ ಹೆಚ್ಚಿನವರು ಖ್ಮೇರ್ ರೂಜ್ ಪಕ್ಷದವರೇ, ಅವರ ಸೈನಿಕರೇ, ಅವರ ಹೆಂಡತಿ ಮಕ್ಕಳು. ಭತ್ತದ ಇಳುವರಿ ಗುರಿ ಮುಟ್ಟದಿದ್ದಾಗ, ಗಡಿಯಲ್ಲಿ ಸೋಲಾದಾಗ, ನಾಯಕರು ತಮ್ಮ ಯೋಜನೆ ತಪ್ಪೆಂದು ಒಪ್ಪಲಿಲ್ಲ. ಒಳಗೆ ದ್ರೋಹಿಗಳಿದ್ದಾರೆ ಎಂದರು. ದ್ರೋಹಿಗಳನ್ನು ಹುಡುಕಿ ಕೊಡುವುದು ಎಸ್-21ರ ಕೆಲಸವಾಯಿತು.

ಅಂಗ್ಕಾರ್ ತಪ್ಪು ಮಾಡುವುದಿಲ್ಲ, ಆದ್ದರಿಂದ ಬಂಧಿತನು ತಪ್ಪಿತಸ್ಥನೇ ಎಂಬುದು ಇಲ್ಲಿನ ತರ್ಕ. ಉಳಿದದ್ದು ಆ ತಪ್ಪು ಯಾವುದೆಂದು ಅವನ ಬಾಯಿಂದಲೇ ಹೊರಡಿಸುವುದು. ಹೊಡೆತ, ವಿದ್ಯುತ್ ಆಘಾತ, ನೀರಿನಲ್ಲಿ ಮುಳುಗಿಸುವುದು ನಡೆಯುತ್ತಿತ್ತು. ಕೈದಿ ತಾನು ಅಮೆರಿಕದ ಸಿಐಎ, ರಷ್ಯದ ಕೆಜಿಬಿ ಅಥವಾ ವಿಯೆಟ್ನಾಮಿನ ಗೂಢಚಾರನೆಂದು ಬರೆದುಕೊಡಬೇಕು. ಕೆಲವರು ಮೂರಕ್ಕೂ ಒಟ್ಟಿಗೆ ದುಡಿದೆವೆಂದು ಬರೆದರು. ಜೊತೆಗಾರರ ಹೆಸರುಗಳನ್ನೂ ಹೇಳಬೇಕಿತ್ತು. ಹೇಳಿದ ಹೆಸರುಗಳವರು ಮುಂದಿನ ಲಾರಿಗಳಲ್ಲಿ ಬರುತ್ತಿದ್ದರು. ಮಾಹಿತಿ ಸಚಿವನಾಗಿದ್ದ ಹು ನಿಮ್ ಕೂಡ ಇಲ್ಲಿ ನೂರಾರು ಪುಟ ಬರೆದು 1977ರ ಜುಲೈನಲ್ಲಿ ಕೊಲೆಯಾದ. ತಪ್ಪೊಪ್ಪಿಗೆ ಪೂರ್ತಿಯಾಯಿತು ಎಂದರೆ ಸಾವು. ಆ ಕಡತಗಳಲ್ಲಿ ಕೊಲ್ಲುವುದಕ್ಕೆ ಬಳಸಿದ ಮಾತಿನ ಅರ್ಥ 'ಪುಡಿ ಮಾಡು' ಎಂದು.

ಈ ಕಾಗದಗಳನ್ನು ಇತಿಹಾಸದ ವಿದ್ಯಾರ್ಥಿ ಹೇಗೆ ಓದಬೇಕು? ನ್ಯೂಜಿಲೆಂಡಿನ ಕೆರಿ ಹ್ಯಾಮಿಲ್ ಬರೆದುಕೊಟ್ಟ ತಪ್ಪೊಪ್ಪಿಗೆ ಇದಕ್ಕೆ ಒಳ್ಳೆಯ ಪಾಠ. 1978ರಲ್ಲಿ ಗೆಳೆಯರೊಂದಿಗೆ ಹಾಯಿದೋಣಿಯಲ್ಲಿ ಹೋಗುತ್ತಿದ್ದಾಗ ಕಾಂಬೋಡಿಯಾದ ಸಮುದ್ರದಲ್ಲಿ ಸಿಕ್ಕಿಬಿದ್ದ ಯುವಕ ಅವನು. ತನ್ನನ್ನು ಸಿಐಎ ಗೂಢಚಾರನೆಂದು ಒಪ್ಪಿಕೊಂಡ. ಮೇಲಧಿಕಾರಿ ಯಾರು ಎಂಬುದಕ್ಕೆ ಕರ್ನಲ್ ಸ್ಯಾಂಡರ್ಸ್ ಎಂದು ಬರೆದ. ಅದು ಕೆಂಟಕಿ ಫ್ರೈಡ್ ಚಿಕನ್ ಅಂಗಡಿಗಳ ಫಲಕದಲ್ಲಿ ಕಾಣುವ ಮುದುಕನ ಹೆಸರು. ಕಚೇರಿಯ ದೂರವಾಣಿ ಸಂಖ್ಯೆಯೆಂದು ತನ್ನ ಮನೆಯ ಸಂಖ್ಯೆ ಕೊಟ್ಟ. ಭಾಷಣ ಕಲೆ ಕಲಿಸಿದವರ ಹೆಸರನ್ನು 'ಎಸ್. ಟಾರ್' ಎಂದು ಬರೆದ. ಎಸ್ತರ್ ಅವನ ತಾಯಿಯ ಹೆಸರು. ಕೊಲೆಗಾರರ ಕಾಗದದ ಮೇಲೆ, ಅವರಿಗೆ ತಿಳಿಯದಂತೆ, ಅವನು ಮನೆಗೆ ಬರೆದ ಪತ್ರವದು. 2009ರಲ್ಲಿ ಅವನ ತಮ್ಮ ರಾಬ್ ಹ್ಯಾಮಿಲ್ ನ್ಯಾಯಾಲಯದಲ್ಲಿ ಡುಚ್‌ನ ಎದುರು ನಿಂತು ಇದನ್ನು ವಿವರಿಸಿದರು. ಸುಮಾರು ನಾಲ್ಕು ಸಾವಿರ ತಪ್ಪೊಪ್ಪಿಗೆಗಳು ಉಳಿದಿವೆ. ಅವುಗಳಲ್ಲಿ ಕೈದಿಗಳ ಬಗ್ಗೆ ಇರುವ ನಿಜ ಅಲ್ಪ. ಬರೆಸಿದವರ ಭಯದ ಬಗ್ಗೆ ಇರುವ ನಿಜ ಬಹಳ.

ಕಟ್ಟಡಗಳ ಒಳಗೆ

ನೋಡಲು ಬಂದವರು ಮೊದಲು ಹೋಗುವುದು 'ಎ' ಕಟ್ಟಡಕ್ಕೆ. ಹಳೆಯ ತರಗತಿಯ ಕೋಣೆ, ಬಿಳಿ ಹಳದಿ ಚೌಕಗಳ ನೆಲ, ನಡುವೆ ಒಂದು ಕಬ್ಬಿಣದ ಮಂಚ, ಕಾಲಿಗೆ ಹಾಕುವ ಸಂಕೋಲೆ. 1979ರ ಜನವರಿಯಲ್ಲಿ ವಿಯೆಟ್ನಾಮಿನ ಇಬ್ಬರು ಪತ್ರಿಕಾ ಛಾಯಾಗ್ರಾಹಕರು ದುರ್ವಾಸನೆಯ ಜಾಡು ಹಿಡಿದು ಇಲ್ಲಿಗೆ ಬಂದಾಗ, ಓಡಿಹೋಗುವ ಮುನ್ನ ಕಾವಲುಗಾರರು ಕೊಂದುಹೋಗಿದ್ದವರ ಶವಗಳು ಈ ಮಂಚಗಳ ಮೇಲಿದ್ದವು. ಅಂದು ತೆಗೆದ ಚಿತ್ರಗಳು ಆಯಾ ಕೋಣೆಯ ಗೋಡೆಯ ಮೇಲೆಯೇ ಇವೆ. ಆ ಹದಿನಾಲ್ಕು ಮಂದಿಯ ಸಮಾಧಿಗಳು ಅಂಗಳದಲ್ಲಿವೆ.

'ಸಿ' ಕಟ್ಟಡದಲ್ಲಿ ತರಗತಿಗಳೊಳಗೇ ಇಟ್ಟಿಗೆ ಮತ್ತು ಹಲಗೆಯಿಂದ ಕಟ್ಟಿದ ಗೂಡುಗಳಿವೆ. ಒಬ್ಬ ಮನುಷ್ಯ ಮುದುಡಿ ಮಲಗಬಹುದಾದಷ್ಟು ಜಾಗ. ಹಿಂಸೆ ತಾಳಲಾರದೆ ಕೈದಿಗಳು ಕೆಳಗೆ ಹಾರಿ ಸಾಯಬಾರದೆಂದು ಮೊಗಸಾಲೆಗೆ ಮುಳ್ಳುತಂತಿಯ ಬಲೆ ಬಿಗಿದಿದ್ದಾರೆ. ಸಾವು ಕೂಡ ಅಪ್ಪಣೆಯಾದ ಮೇಲೆಯೇ ಬರಬೇಕಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ನೋಡುಗರ ಮನಸ್ಸಿನಲ್ಲಿ ಉಳಿಯುವುದು ಭಾವಚಿತ್ರಗಳ ಸಾಲು. ಕಪ್ಪು ಬಟ್ಟೆ, ಸಂಖ್ಯೆಯ ಚೀಟಿ, ನೇರ ನೋಟ. ಕೂಸನ್ನು ತೋಳಲ್ಲಿಟ್ಟುಕೊಂಡ ತಾಯಿ. ಅಂಗಿಯಿಲ್ಲದ ಕಾರಣ ಸಂಖ್ಯೆಯನ್ನು ಎದೆಯ ಚರ್ಮಕ್ಕೇ ಪಿನ್ನಿನಿಂದ ಚುಚ್ಚಿಸಿಕೊಂಡ ಹುಡುಗ. ಕೆಲವರ ಮುಖದಲ್ಲಿ ಭಯ, ಕೆಲವರದ್ದು ಬರಿಯ ಗೊಂದಲ. ಕಣ್ಣಿನ ಪಟ್ಟಿ ಬಿಚ್ಚಿದ ಮರುಕ್ಷಣವೇ ತೆಗೆದ ಚಿತ್ರಗಳು ಇವುಗಳಲ್ಲಿವೆ. ಅವರು ನೋಡುತ್ತಿರುವುದು ನಮ್ಮನ್ನಲ್ಲ, ಕ್ಯಾಮೆರಾ ಹಿಡಿದ ಕಾವಲಿನವನನ್ನು. ನಾವು ನಿಂತಿರುವುದು ಅವನು ನಿಂತಿದ್ದ ಜಾಗದಲ್ಲಿ.

ಈ ಚಿತ್ರಗಳು ಹಲವು ವಾದಗಳಿಗೆ ಕಾರಣವಾಗಿವೆ. 1990ರ ದಶಕದಲ್ಲಿ ಇಬ್ಬರು ಅಮೆರಿಕನ್ ಛಾಯಾಗ್ರಾಹಕರು ಹಾಳಾಗುತ್ತಿದ್ದ ಸುಮಾರು ಆರು ಸಾವಿರ ನೆಗೆಟಿವ್‌ಗಳನ್ನು ಶುಚಿಗೊಳಿಸಿ ಉಳಿಸಿದರು. 1997ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವುಗಳಲ್ಲಿ ಕೆಲವನ್ನು ಪ್ರದರ್ಶನಕ್ಕಿಟ್ಟಾಗ, ಕೊಲೆಯ ದಾಖಲೆ ಕಲಾಕೃತಿಯಾದೀತೇ ಎಂಬ ಪ್ರಶ್ನೆ ಎದ್ದಿತು. 2021ರಲ್ಲಿ ಒಬ್ಬ ಕಲಾವಿದ ಈ ಚಿತ್ರಗಳಿಗೆ ಬಣ್ಣ ತುಂಬಿದ್ದಲ್ಲದೆ ಕೆಲವು ಮುಖಗಳ ಮೇಲೆ ಕಂಪ್ಯೂಟರ್ ನೆರವಿನಿಂದ ನಗುವನ್ನೂ ಮೂಡಿಸಿದ. ಅವನ್ನು ಪ್ರಕಟಿಸಿದ ಸುದ್ದಿತಾಣ ಕಾಂಬೋಡಿಯಾ ಸರ್ಕಾರ ಮತ್ತು ಸಂತ್ರಸ್ತರ ಕುಟುಂಬಗಳ ಪ್ರತಿಭಟನೆಯ ನಂತರ ಲೇಖನವನ್ನೇ ತೆಗೆದುಹಾಕಬೇಕಾಯಿತು. ನೊಂದ ಮನೆಗಳವರಿಗೆ ಇದು ಕಲೆಯ ಚರ್ಚೆಯಾಗಿರಲಿಲ್ಲ. ಬದುಕಿ ಉಳಿದ ಚಿತ್ರಕಾರ ಬೂ ಮೆಂಗ್ ಅವರ ಬಳಿ ಕೊಲೆಯಾದ ಹೆಂಡತಿಯ ನೆನಪಿಗೆ ಉಳಿದದ್ದು ಸೆರೆಮನೆಯಲ್ಲಿ ತೆಗೆದ ಆ ಒಂದು ಚಿತ್ರ.

ಕುಂಚ ಉಳಿಸಿದ ಜೀವ

ಎಸ್-21ರೊಳಗೆ ಹೋದವರಲ್ಲಿ ಬದುಕಿ ಬಂದವರು ಬೆರಳೆಣಿಕೆಯಷ್ಟು. ಅವರೂ ಬದುಕಿದ್ದು ಕರುಣೆಯಿಂದಲ್ಲ, ಕೈಯಲ್ಲಿದ್ದ ಕಸುಬಿನಿಂದ. ವಾನ್ ನಾಥ್ ಮತ್ತು ಬೂ ಮೆಂಗ್ ಪೋಲ್ ಪಾಟ್‌ನ ಭಾವಚಿತ್ರ ಬರೆಯಬಲ್ಲವರಾಗಿದ್ದರು. ಚುಮ್ ಮೇ ಯಂತ್ರ ರಿಪೇರಿ ಬಲ್ಲವರು. ತಪ್ಪೊಪ್ಪಿಗೆಗಳನ್ನು ಹೊಡೆಯುವ ಬೆರಳಚ್ಚು ಯಂತ್ರ ಕೆಟ್ಟಾಗ ಅವರು ಬೇಕಾದರು.

ವಾನ್ ನಾಥ್ 1979ರ ನಂತರ ಅದೇ ಕಟ್ಟಡಕ್ಕೆ ಮರಳಿ ಬಂದು, ತಾವು ಕಂಡದ್ದನ್ನು ಮತ್ತು ಪಕ್ಕದ ಕೋಣೆಯಿಂದ ಕೇಳಿದ್ದನ್ನು ಬಣ್ಣದಲ್ಲಿ ಬರೆದರು. ಚಿತ್ರಹಿಂಸೆಯ ಆ ಚಿತ್ರಗಳು ಈಗ ಸಂಗ್ರಹಾಲಯದಲ್ಲಿವೆ. ಕೊಲೆಗಾರರ ಕ್ಯಾಮೆರಾ ತೆಗೆಯದೆ ಬಿಟ್ಟದ್ದನ್ನು ತೋರಿಸುವುದು ಈ ಕ್ಯಾನ್‌ವಾಸ್‌ಗಳೇ. 2003ರಲ್ಲಿ ರಿಥಿ ಪಾನ್ ತಯಾರಿಸಿದ ಸಾಕ್ಷ್ಯಚಿತ್ರದಲ್ಲಿ ಅವರು ಹಳೆಯ ಕಾವಲುಗಾರರ ಎದುರು ಕುಳಿತು, ಸಿಟ್ಟಿಗೇಳದೆ, ಒಂದೊಂದೇ ಪ್ರಶ್ನೆ ಕೇಳುತ್ತಾರೆ. ಆಜ್ಞೆ ಪಾಲಿಸಿದೆವು ಎನ್ನುತ್ತಾರೆ ಅವರು. 2011ರಲ್ಲಿ ವಾನ್ ನಾಥ್ ತೀರಿಕೊಂಡರು.

ಚುಂಗ್ ಎಕ್‌ನ ಗುಂಡಿಗಳು

ಸೆರೆಮನೆಯ ಆಸುಪಾಸಿನಲ್ಲಿ ಹೆಣ ಹೂಳಲು ಜಾಗ ಸಾಲದಾದಾಗ, ನಗರದಿಂದ ಸುಮಾರು 15 ಕಿಲೋಮೀಟರ್ ದೂರದ ಚುಂಗ್ ಎಕ್ ಎಂಬಲ್ಲಿಗೆ ಕೈದಿಗಳನ್ನು ರಾತ್ರಿ ಲಾರಿಗಳಲ್ಲಿ ಒಯ್ಯತೊಡಗಿದರು. ಅದು ಚೀನೀಯರ ಹಳೆಯ ರುದ್ರಭೂಮಿ. ಗುಂಡು ದುಬಾರಿಯೆಂದು ಕಬ್ಬಿಣದ ಸಲಾಕೆ, ಗುದ್ದಲಿ, ಗಾಡಿಯ ಅಚ್ಚುಗಳಿಂದ ಹೊಡೆದು ಕೊಂದರು. ಹಸುಳೆಗಳನ್ನು ಅಪ್ಪಳಿಸಿದ ಮರವೊಂದಿದೆ. ನೋಡಲು ಬಂದವರು ಅದರ ಕಾಂಡಕ್ಕೆ ಬಣ್ಣದ ದಾರದ ಬಳೆಗಳನ್ನು ಸಿಕ್ಕಿಸಿ ಹೋಗುತ್ತಾರೆ. 1980ರಲ್ಲಿ ಇಲ್ಲಿನ 129 ಗುಂಡಿಗಳಲ್ಲಿ 86ನ್ನು ತೆರೆದಾಗ 8,985 ಮಂದಿಯ ಅವಶೇಷಗಳು ಸಿಕ್ಕವು. ಉಳಿದವನ್ನು ಹಾಗೆಯೇ ಬಿಟ್ಟಿದ್ದಾರೆ. ಈಗಲೂ ಜೋರು ಮಳೆ ಬಂದರೆ ಮಣ್ಣು ಕೊಚ್ಚಿ ಎಲುಬು, ಬಟ್ಟೆಯ ಚೂರು ಮೇಲೆ ಬರುತ್ತವೆ. 1988ರಲ್ಲಿ ಕಟ್ಟಿದ ಸ್ತೂಪದ ಗಾಜಿನ ಹಿಂದೆ ತಲೆಬುರುಡೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದಾರೆ.

ಬೌದ್ಧರಾದ ಖ್ಮೇರರಲ್ಲಿ ಸತ್ತವರನ್ನು ಸುಡುವುದು ಪದ್ಧತಿ. ಸಂಸ್ಕಾರವಿಲ್ಲದೆ ಹೋದವರ ಜೀವಕ್ಕೆ ಶಾಂತಿಯಿಲ್ಲ ಎಂಬ ನಂಬಿಕೆ ನಮ್ಮಲ್ಲಿರುವಂತೆ ಅಲ್ಲಿಯೂ ಇದೆ. ಈ ಎಲುಬುಗಳಿಗೆ ದಹನ ಸಂಸ್ಕಾರವಾಗಬೇಕೆಂದು ದೊರೆ ಸಿಹಾನೂಕ್ ಮತ್ತೆ ಮತ್ತೆ ಕೇಳಿದರು. ಸುಟ್ಟರೆ ಸಾಕ್ಷ್ಯವೇ ಇಲ್ಲವಾಗುತ್ತದೆ ಎಂದು ಸರ್ಕಾರ ಒಪ್ಪಲಿಲ್ಲ. ತೂಲ್ ಸ್ಲೆಂಗಿನ ಗೋಡೆಯ ಮೇಲೆ ತಲೆಬುರುಡೆಗಳಿಂದಲೇ ಮಾಡಿದ ದೇಶದ ನಕ್ಷೆಯೊಂದಿತ್ತು. 2002ರಲ್ಲಿ ಅದನ್ನು ಕಳಚಿದರು. ಸತ್ತವರಿಗೆ ಸಲ್ಲಬೇಕಾದ ಮರ್ಯಾದೆ ಒಂದು ಕಡೆ, ಬದುಕಿರುವವರಿಗೆ ಬೇಕಾದ ಪುರಾವೆ ಇನ್ನೊಂದು ಕಡೆ. ಈ ಜಗ್ಗಾಟ ಪೂರ್ತಿ ಬಗೆಹರಿದಿಲ್ಲ.

ನಂಬದ ಜಗತ್ತು, ತಡವಾದ ನ್ಯಾಯ

ಸಂಗ್ರಹಾಲಯವನ್ನು ರೂಪಿಸಿದವರು ವಿಯೆಟ್ನಾಮಿನವರು. ಹೊ ಚಿ ಮಿನ್ ನಗರದ ಯುದ್ಧಾಪರಾಧಗಳ ಸಂಗ್ರಹಾಲಯದಲ್ಲಿ ಕೆಲಸ ಮಾಡಿದ್ದ ಕರ್ನಲ್ ಮಾಯ್ ಲಾಮ್ ಇದರ ಹೊಣೆ ಹೊತ್ತ. ಗೆದ್ದವರು ಕಟ್ಟಿದ ಸಂಗ್ರಹಾಲಯವಾದ್ದರಿಂದ, ಇದು ವಿಯೆಟ್ನಾಮಿನ ಪ್ರಚಾರ ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಅದು ಶೀತಲ ಸಮರದ ಕಾಲ. ಚೀನಾ, ಅಮೆರಿಕ ಮತ್ತು ಅವುಗಳ ಮಿತ್ರರ ಬೆಂಬಲದಿಂದ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಪೀಠ 1979ರ ನಂತರವೂ ಖ್ಮೇರ್ ರೂಜ್ ಕಡೆಯವರಲ್ಲೇ ಉಳಿಯಿತು. ಫ್ನಾಮ್ ಪೆನ್ನಿನ ಹೊಸ ಸರ್ಕಾರಕ್ಕೆ 1980ರ ಜುಲೈನಲ್ಲಿ ಮಾನ್ಯತೆ ಕೊಟ್ಟ ಭಾರತ, ಹಾಗೆ ಮಾಡಿದ ಮೊದಲ ಕಮ್ಯುನಿಸ್ಟೇತರ ದೇಶ.

ಪ್ರದರ್ಶನವನ್ನು ಜೋಡಿಸಿದವರ ಉದ್ದೇಶ ಏನೇ ಇರಲಿ, ಕಡತಗಳು ಸುಳ್ಳಾಗಿರಲಿಲ್ಲ. ಅವು ಉಳಿದದ್ದು ಡುಚ್ ಅವಸರದಲ್ಲಿ ಓಡಿಹೋದದ್ದರಿಂದ. ಅವನ್ನು ಸುಡದೆ ಬಂದದ್ದಕ್ಕೆ ಪಕ್ಷದ ಎರಡನೆಯ ನಾಯಕ ನುವೊನ್ ಚಿಯಾ ತನ್ನನ್ನು ಆಕ್ಷೇಪಿಸಿದ್ದನೆಂದು ಡುಚ್ ಮುಂದೆ ಹೇಳಿದ. ಇಪ್ಪತ್ತು ವರ್ಷ ಬೇರೆ ಹೆಸರಿನಲ್ಲಿ ಬದುಕಿದ್ದ ಅವನನ್ನು 1999ರಲ್ಲಿ ಛಾಯಾಗ್ರಾಹಕ ನಿಕ್ ಡನ್‌ಲಪ್ ಪತ್ತೆಹಚ್ಚಿದ. ವಿಶ್ವಸಂಸ್ಥೆಯ ನೆರವಿನ ವಿಶೇಷ ನ್ಯಾಯಾಲಯದಲ್ಲಿ 2009ರಲ್ಲಿ ವಿಚಾರಣೆ ನಡೆದಾಗ, ಅವನ ವಿರುದ್ಧ ಬಹುಮುಖ್ಯ ಸಾಕ್ಷ್ಯವಾದದ್ದು ಅವನದೇ ಕೈಬರಹ. ಕನಿಷ್ಠ 12,272 ಮಂದಿಯ ಸಾವಿಗೆ ಅವನು ಹೊಣೆಯೆಂದು 2010ರ ತೀರ್ಪು ಹೇಳಿತು. 2012ರಲ್ಲಿ ಮೇಲ್ಮನವಿಯ ನಂತರ ಜೀವಾವಧಿ ಶಿಕ್ಷೆಯಾಯಿತು. 2020ರ ಸೆಪ್ಟೆಂಬರಿನಲ್ಲಿ ಅವನು ಸತ್ತ. ಪೋಲ್ ಪಾಟ್ 1998ರಲ್ಲೇ, ಯಾವ ಅಂತರರಾಷ್ಟ್ರೀಯ ನ್ಯಾಯಾಲಯವನ್ನೂ ಕಾಣದೆ, ಕಾಡಿನಲ್ಲಿ ಸತ್ತಿದ್ದ.

ಇಲ್ಲೊಂದು ಕಾನೂನಿನ ಸೂಕ್ಷ್ಮವಿದೆ. 1948ರ ಒಪ್ಪಂದದ ಪ್ರಕಾರ ನರಮೇಧವೆಂದರೆ ಒಂದು ರಾಷ್ಟ್ರೀಯ, ಜನಾಂಗೀಯ ಅಥವಾ ಧಾರ್ಮಿಕ ಗುಂಪನ್ನು ನಾಶ ಮಾಡುವ ಉದ್ದೇಶದ ಕೃತ್ಯ. ರಾಜಕೀಯ ಗುಂಪುಗಳು ಅದರಲ್ಲಿ ಸೇರಿಲ್ಲ. ಹಾಗಾಗಿ ಖ್ಮೇರರೇ ಖ್ಮೇರರನ್ನು ಕೊಂದ ಎಸ್-21ರ ಕೊಲೆಗಳನ್ನು ನ್ಯಾಯಾಲಯ ಮಾನವತೆಯ ವಿರುದ್ಧದ ಅಪರಾಧ ಎಂದು ಕರೆಯಿತು. ನರಮೇಧದ ಅಪರಾಧ ಸಾಬೀತಾದದ್ದು 2018ರಲ್ಲಿ, ಚಾಮ್ ಮುಸ್ಲಿಮರು ಮತ್ತು ವಿಯೆಟ್ನಾಮೀಯರ ಹತ್ಯೆಗಾಗಿ ನುವೊನ್ ಚಿಯಾ ಮೇಲೆ, ವಿಯೆಟ್ನಾಮೀಯರ ಹತ್ಯೆಗಾಗಿ ಖಿಯು ಸಂಫಾನ್ ಮೇಲೆ. ಸಂಗ್ರಹಾಲಯದ ಹೆಸರಿನಲ್ಲಿರುವ ಪದಕ್ಕೆ ಜನ ಕೊಡುವ ಅರ್ಥ ಕಾನೂನಿನ ಅರ್ಥಕ್ಕಿಂತ ದೊಡ್ಡದು. ನ್ಯಾಯಾಲಯ ತನ್ನ ಕೆಲಸ ಮುಗಿಸಿದ್ದು 2022ರಲ್ಲಿ. ಶಿಕ್ಷೆಯಾದವರು ಮೂವರೇ.

ಸಂಖ್ಯೆಯಿಂದ ಹೆಸರಿಗೆ

ತೂಲ್ ಸ್ಲೆಂಗಿನ ಕಡತಗಳನ್ನು ಯುನೆಸ್ಕೋ 2009ರಲ್ಲಿ 'ವಿಶ್ವದ ಸ್ಮೃತಿ' ಪಟ್ಟಿಗೆ ಸೇರಿಸಿತು. 2025ರ ಜುಲೈನಲ್ಲಿ ತೂಲ್ ಸ್ಲೆಂಗ್, ಚುಂಗ್ ಎಕ್ ಮತ್ತು ಎಂ-13 ಈ ಮೂರೂ ತಾಣಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಂಗ್ಕೋರ್ ದೇವಾಲಯಗಳ ನಾಡು ತನ್ನ ಸೆರೆಮನೆಯನ್ನೂ ಜಗತ್ತು ಕಾಪಾಡಲಿ ಎಂದು ಕೇಳಿದ್ದು ಸಣ್ಣ ಸಂಗತಿಯಲ್ಲ. ಆ ದೇಶದ ಬಹುಪಾಲು ಜನ ಇಂದು ಪೋಲ್ ಪಾಟ್ ಕಾಲದ ನಂತರ ಹುಟ್ಟಿದವರು. ಬಹುಕಾಲ ಅಲ್ಲಿನ ಶಾಲೆಯ ಪಾಠಗಳಲ್ಲಿ ಈ ಅಧ್ಯಾಯ ಇದ್ದೂ ಇಲ್ಲದಂತಿತ್ತು. ಎಷ್ಟೋ ಮನೆಗಳಲ್ಲಿ ಹಿರಿಯರು ಅನುಭವಿಸಿದ್ದನ್ನು ಹೇಳಿದರೆ ಮಕ್ಕಳೇ ನಂಬುತ್ತಿರಲಿಲ್ಲ. ಹೀಗಿರುವಾಗ ಕಟ್ಟಡ, ಕಡತ ಉಳಿಯುವುದು ಮುಖ್ಯ.

2015ರಲ್ಲಿ ಅಂಗಳದಲ್ಲಿ ಸ್ಮಾರಕವೊಂದು ಎದ್ದಿತು. ಅದರ ಸುತ್ತಲಿನ ಕಪ್ಪು ಕಲ್ಲುಗಳ ಮೇಲೆ ಇಲ್ಲಿ ಸತ್ತ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಕೆತ್ತಿದ್ದಾರೆ. ನಿರಪರಾಧಿ ರೈತ, ಅಧ್ಯಾಪಕಿ, ಒಂದು ಕಾಲದಲ್ಲಿ ಇತರರನ್ನು ಹಿಂಸಿಸಿ ಕೊನೆಗೆ ತಾನೂ ಬಲಿಯಾದ ಪಕ್ಷದವನು, ಎಲ್ಲರ ಹೆಸರುಗಳೂ ಅಲ್ಲಿ ಒಟ್ಟಿಗಿವೆ. ಇವರನ್ನು ಬೇರ್ಪಡಿಸಬೇಕಿತ್ತೆ ಎಂಬ ಪ್ರಶ್ನೆ ಕೇಳುವವರಿದ್ದಾರೆ. ಅದು ಸುಲಭವಾಗಿ ತಳ್ಳಿಹಾಕುವ ಪ್ರಶ್ನೆಯೂ ಅಲ್ಲ. ಆದರೆ ಯಾರು ದ್ರೋಹಿ, ಯಾರು ಅಲ್ಲ ಎಂದು ಪಟ್ಟಿ ಮಾಡುವ ಕೆಲಸವನ್ನೇ ಆ ಸೆರೆಮನೆ ಮಾಡುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಆ ಕಲ್ಲಿನ ಮೇಲಿನ ಹೆಸರುಗಳು ಸಿಕ್ಕಿದ್ದು ಸೆರೆಮನೆಯ ಪಟ್ಟಿಗಳಿಂದಲೇ. ಒಬ್ಬೊಬ್ಬರನ್ನೂ ಗುರುತು ಉಳಿಯದಂತೆ ಪುಡಿ ಮಾಡಲು ಬರೆದ ಪಟ್ಟಿಗಳು ಅವು. ಇಂದು ಮಕ್ಕಳು, ಮೊಮ್ಮಕ್ಕಳು ಅವುಗಳನ್ನೇ ಹಿಡಿದು ತಮ್ಮವರ ಹೆಸರನ್ನು ಹುಡುಕುತ್ತಿದ್ದಾರೆ.